ಬೇಲಿ, ದಣಪೆ, ಜೀವಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಹತ್ತನೇ ಕ್ಲಾಸು ಮತ್ತು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ಜೀವಕೋಶದ ಪಾಠ ಬರುತ್ತದೆ, ಜೊತೆಗೆ ಅವೇ ಪ್ರಶ್ನೆಗಳೂ ಬರುತ್ತವೆ. ಕೆಲವು ಮಕ್ಕಳದ್ದು. ಇನ್ನು ಕೆಲವು ಅವರನ್ನು ಕರೆದುಕೊಂಡು ಹೋಗಲು ಬಂದು ಜಗಲಿಯಲ್ಲಿ ಕೂತ ಅಪ್ಪ-ಅಮ್ಮಂದಿರದ್ದು. ನಿಜ ಹೇಳಬೇಕೆಂದರೆ ಜಗಲಿಯ ಪ್ರಶ್ನೆಗಳೇ ಜಾಸ್ತಿ ಚೆನ್ನಾಗಿರುತ್ತವೆ. ಎರಡನ್ನೂ ಸೇರಿಸಿ ಬರೆದಿದ್ದೇನೆ. ಮೊದಲಿಂದ ಕೊನೆಯವರೆಗೆ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಿ.

ಜೀವಕೋಶ ಅಂದರೆ ಏನು? ಪುಸ್ತಕದಲ್ಲಿರುವ ವಾಕ್ಯ ಬೇಡ.

ನಿಮ್ಮ ಅಡಿಕೆ ತೋಟ ನೆನೆಸಿಕೊಳ್ಳಿ. ಸುತ್ತ ಬೇಲಿ, ಬೇಲಿಗೊಂದು ದಣಪೆ, ಅಂದರೆ ತೆಗೆದು ಹಾಕುವ ಗೇಟು. ಗೊಬ್ಬರ ಒಳಗೆ ಬರಬೇಕು, ಅಡಿಕೆ ಕೊನೆ (ಗೊನೆ) ಹೊರಗೆ ಹೋಗಬೇಕು, ಪಕ್ಕದ ಮನೆಯ ದನ ಮಾತ್ರ ನುಗ್ಗಬಾರದು. ಬೇಲಿ ಕಿತ್ತು ಹಾಕಿದರೆ ಮರಗಳು ಅಲ್ಲೇ ನಿಂತಿರುತ್ತವೆ, ಆದರೆ ನಾಲ್ಕು ದಿನದಲ್ಲಿ ಅದು ತೋಟವಾಗಿ ಉಳಿಯುವುದಿಲ್ಲ.

ಜೀವಕೋಶವೂ ಹಾಗೇ. ಒಳಗೆ ನೀರು, ನೀರಿನಲ್ಲಿ ಪ್ರೋಟೀನು, ಸಕ್ಕರೆ, ಉಪ್ಪು, ಒಂದಿಷ್ಟು ಯಂತ್ರಗಳು. ಸುತ್ತ ಒಂದು ಪೊರೆ. ಆ ಪೊರೆ ಎಷ್ಟು ತೆಳು ಅಂದರೆ ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರ ಒಂದು ಭಾಗಕ್ಕಿಂತಲೂ ಕಡಿಮೆ. ಆ ಪೊರೆಯ ತುಂಬ ದಣಪೆಗಳು. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೆ ಹಾಕಬೇಕು ಅನ್ನುವುದೇ ಕೋಶದ ಹಗಲೂ ರಾತ್ರಿಯ ಕೆಲಸ. ಮುಂದಿನ ಉತ್ತರಗಳಲ್ಲಿ ಈ ಬೇಲಿ-ದಣಪೆ ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನೋಡಿದ್ದು ಯಾರು?

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್. ಬಾಟಲಿ ಬಿರಡೆ ಮಾಡುವ ಕಾರ್ಕ್‌ನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಸಣ್ಣ ಸಣ್ಣ ಕೋಣೆಗಳು ಕಂಡವು, 'ಸೆಲ್' ಅಂತ ಹೆಸರಿಟ್ಟ. ತಮಾಷೆ ಅಂದರೆ ಅವನು ನೋಡಿದ್ದು ಖಾಲಿ ಮನೆ. ಕೋಶ ಸತ್ತು, ಗೋಡೆ ಮಾತ್ರ ಉಳಿದಿತ್ತು. ಗಿಡಗಳೆಲ್ಲ ಕೋಶಗಳಿಂದಲೇ ಆಗಿವೆ ಅಂತ ಶ್ಲೈಡನ್ 1838ರಲ್ಲಿ ಹೇಳಿದರೆ, ಪ್ರಾಣಿಗಳೂ ಹಾಗೇ ಅಂತ ಶ್ವಾನ್ 1839ರಲ್ಲಿ ಹೇಳಿದ. ಪರೀಕ್ಷೆಗೆ ಇಷ್ಟು ಸಾಕು.

ಬರಿಗಣ್ಣಿಗೆ ಕಾಣುತ್ತದಾ? ಮನೆಯಲ್ಲಿ ನೋಡುವುದು ಹೇಗೆ?

ಸಾಮಾನ್ಯವಾಗಿ ಇಲ್ಲ. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7ರಿಂದ 8 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಒಂದು ಮಿಲಿಮೀಟರ್ ಅಂತರದಲ್ಲಿ ಅಂಥ ನೂರಕ್ಕೂ ಜಾಸ್ತಿ ಕಣ ಸಾಲಾಗಿ ಕೂರುತ್ತವೆ. ಆದರೆ ಕೋಳಿಮೊಟ್ಟೆಯ ಹಳದಿ ಭಾಗ ಮಾತ್ರ ಒಂದೇ ಕೋಶ. ಅಷ್ಟು ದೊಡ್ಡದಾಗಿರುವುದು ಮರಿಗೆ ಬೇಕಾದ ಬುತ್ತಿ ಕಟ್ಟಿಕೊಂಡಿರುವುದರಿಂದ.

ನೋಡಬೇಕೆಂದರೆ ಈರುಳ್ಳಿಯೇ ಸುಲಭ. ಒಂದು ಎಸಳನ್ನು ಮುರಿದರೆ ಒಳಮೈಯಲ್ಲಿ ಬಟರ್ ಪೇಪರಿನಂಥ ಸಿಪ್ಪೆ ಏಳುತ್ತದೆ. ಅದನ್ನು ಗಾಜಿನ ಮೇಲೆ ಸುಕ್ಕಾಗದಂತೆ ಹರಡಿ, ಒಂದು ಹನಿ ನೀರು, ಒಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ಮೇಲಿನ ತೆಳು ಗಾಜನ್ನು ಓರೆಯಾಗಿ ಇಳಿಸಿ. ಧಡಕ್ಕನೆ ಇಟ್ಟರೆ ಗಾಳಿಗುಳ್ಳೆ ಕೂರುತ್ತದೆ, ಮಕ್ಕಳು ಅದನ್ನೇ ಕೋಶ ಅಂದುಕೊಂಡು ಚಿತ್ರ ಬರೆಯುತ್ತಾರೆ. ಸರಿಯಾಗಿ ಕೂತರೆ ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು ಕಾಣುತ್ತವೆ, ಒಂದೊಂದರಲ್ಲೂ ಒಂದು ಕಂದು ಚುಕ್ಕೆ. ಆ ಚುಕ್ಕೆಯೇ ಕೋಶಕೇಂದ್ರ.

ಸೂಕ್ಷ್ಮದರ್ಶಕ ಕೊಳ್ಳುವವರಿಗೆ ನನ್ನ ಅನುಭವದ ಒಂದು ಮಾತು. ನನ್ನ ಮೊದಲನೆಯದನ್ನು ಜೂನ್‌ನಲ್ಲಿ ಬೀರುವಿನಲ್ಲಿಟ್ಟವನು ಆಗಸ್ಟ್ ಕೊನೆಗೆ ತೆಗೆದೆ. ಲೆನ್ಸಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಒರೆಸಿದರೂ ಹೋಗಲಿಲ್ಲ, ಗಾಜೇ ಮಬ್ಬಾಗಿತ್ತು. ನಮ್ಮ ಕಡೆಯ ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ, ಬಿಗಿ ಮುಚ್ಚಳದ ಡಬ್ಬಿಯೇ ಗತಿ.

ಜೀವದ ಅಣುಗಳು ನಾಲ್ಕು ಅಂತಾರೆ. ಯಾವುವು?

ಪಿಷ್ಟ-ಸಕ್ಕರೆಯ ಗುಂಪು, ಕೊಬ್ಬಿನ ಗುಂಪು, ಪ್ರೋಟೀನು, ಕೊನೆಗೆ ಡಿಎನ್ಎ-ಆರ್‌ಎನ್ಎ. ಐದನೆಯದಾಗಿ ನೀರನ್ನೂ ಸೇರಿಸಬೇಕು ಅನ್ನುವುದು ನನ್ನ ಹಟ. ಕೋಶದ ತೂಕದಲ್ಲಿ ಮುಕ್ಕಾಲು ಭಾಗದಷ್ಟು ಅದೇ ಇರುತ್ತದೆ. ಉಳಿದ ನಾಲ್ಕೂ ಅದರಲ್ಲೇ ಈಜಬೇಕು, ಇಲ್ಲವೇ ಅದನ್ನು ಕಂಡು ಓಡಬೇಕು. ಒಂದೊಂದಾಗಿ ಕೆಳಗಿವೆ.

ಅನ್ನವೂ ಗ್ಲೂಕೋಸ್, ಅಡಿಕೆ ಸಿಪ್ಪೆಯೂ ಗ್ಲೂಕೋಸ್ ಅಂದಿರಂತೆ. ಹಾಗಾದರೆ ಅಡಿಕೆ ಸಿಪ್ಪೆ ಯಾಕೆ ತಿನ್ನಬಾರದು?

ಇದು ಜಗಲಿಯ ಪ್ರಶ್ನೆ. ಕೇಳಿದವರು ನಗೆಯಾಡಲು ಕೇಳಿದ್ದು, ಆದರೆ ಬಹಳ ಒಳ್ಳೆಯ ಪ್ರಶ್ನೆ.

ಅಕ್ಕಿಯ ಪಿಷ್ಟ ಅಂದರೆ ಗ್ಲೂಕೋಸ್ ಅಣುಗಳ ಸರಪಳಿ. ಅಡಿಕೆ ಸಿಪ್ಪೆಯ ನಾರಿನಲ್ಲಿರುವ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರಪಳಿಯೇ. ವ್ಯತ್ಯಾಸ ಇರುವುದು ಕೊಂಡಿಯಲ್ಲಿ. ಪಿಷ್ಟದ ಕೊಂಡಿ ಒಂದು ರೀತಿ ಬಾಗಿದೆ, ಹಾಗಾಗಿ ಸರಪಳಿ ಸುರುಳಿಯಾಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಗ್ಲೂಕೋಸ್ ನೆಟ್ಟಗಿದ್ದರೆ ಮುಂದಿನದು ತಿರುವುಮುರುವು. ಅದರಿಂದ ಸರಪಳಿ ಕಡ್ಡಿಯಂತೆ ನೇರ ನಿಲ್ಲುತ್ತದೆ. ಅಂಥ ಕಡ್ಡಿಗಳು ಒಟ್ಟಾಗಿ ಹಗ್ಗ ಹೊಸೆದ ಹಾಗೆ ಗಟ್ಟಿಯಾಗುತ್ತವೆ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಮೊದಲ ಕೊಂಡಿಯನ್ನು ಕತ್ತರಿಸುತ್ತದೆ, ಎರಡನೆಯದನ್ನು ಮುಟ್ಟುವುದೂ ಇಲ್ಲ. ಅನ್ನ ಅಥವಾ ಅಕ್ಕಿರೊಟ್ಟಿಯ ತುಂಡನ್ನು ನುಂಗದೆ ಎರಡು ನಿಮಿಷ ಸುಮ್ನೆ ಅಗಿಯುತ್ತಾ ಇರಿ. ಸಿಹಿಯಾಗುತ್ತದೆ. ಅದೇ ಆ ಕತ್ತರಿ ಕೆಲಸ.

ದನ ಹುಲ್ಲು ತಿಂದು ಬದುಕುತ್ತದಲ್ಲ ಅಂದರೆ, ಹುಲ್ಲನ್ನು ಕರಗಿಸುವುದು ದನ ಅಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮಜೀವಿಗಳು. ಅವುಗಳ ಹತ್ತಿರ ಆ ಎರಡನೇ ಕತ್ತರಿ ಇದೆ. ಅಡಿಕೆ ಸಿಪ್ಪೆಗೆ ಇನ್ನೊಂದು ಕಷ್ಟ. ಅದರ ನಾರಿಗೆ ಲಿಗ್ನಿನ್ ಅನ್ನುವ ಗಾರೆಯೂ ಬಳಿದಿರುತ್ತದೆ. ತೋಟದ ಮೂಲೆಯಲ್ಲಿ ಹಾಕಿದ ಸಿಪ್ಪೆ ರಾಶಿ ವರ್ಷವಾದರೂ ಹಾಗೇ ಬಿದ್ದಿರುವುದು ಅದಕ್ಕೇ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಯಾಕಿಲ್ಲ?

ಕೊಬ್ಬಿನ ಅಣುವಿಗೆ ಉದ್ದನೆಯ ಬಾಲಗಳಿರುತ್ತವೆ. ಬಾಲ ನೇರವಾಗಿದ್ದರೆ ಅಟ್ಟದಲ್ಲಿ ಸೌದೆ ಒಟ್ಟಿದ ಹಾಗೆ ಒತ್ತೊತ್ತಾಗಿ ಕೂರುತ್ತವೆ, ಗಟ್ಟಿಯಾಗುತ್ತದೆ. ಬಾಲದ ನಡುವೆ ಸೊಟ್ಟ ಇದ್ದರೆ ಒತ್ತಾಗಿ ಕೂರಲು ಆಗುವುದಿಲ್ಲ, ಎಣ್ಣೆಯಾಗೇ ಉಳಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನೇರ ಬಾಲವೇ ಜಾಸ್ತಿ, ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಹಿಮ್ಮಡಿ ಒಡೆದರೆ ಹಚ್ಚುವ ಮುರುಗಲ (ಕೋಕಂ) ತುಪ್ಪ ಬೇಸಿಗೆಯಲ್ಲೂ ಉಂಡೆಯಾಗೇ ಇರುತ್ತದೆ. ಅದರ ಬಾಲಗಳು ಇನ್ನೂ ಉದ್ದ, ಬಹುಪಾಲು ನೇರ.

ಕೋಶದ ಪೊರೆ ಆಗಿರುವುದೂ ಇಂಥದೇ ಅಣುಗಳಿಂದ. ಅವುಗಳ ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಹಾಗಾಗಿ ಎರಡು ಸಾಲಾಗಿ ನಿಂತು ಬಾಲಗಳನ್ನು ಒಳಗೆ ಮುಚ್ಚಿಟ್ಟುಕೊಳ್ಳುತ್ತವೆ. ಯಾರೂ ಕಟ್ಟಬೇಕಿಲ್ಲ, ನೀರಿಗೆ ಹಾಕಿದರೆ ತಾವೇ ಬೇಲಿಯಾಗುತ್ತವೆ. ನನಗೆ ಇವತ್ತಿಗೂ ಇದು ಸೋಜಿಗ.

ಹಲಸಿನ ಮೇಣ ಕೈಗೆ ಅಂಟಿದರೆ ನೀರಿಗೆ ಹೋಗದೆ ಕೊಬ್ಬರಿ ಎಣ್ಣೆಗೆ ಬಿಡುವುದೂ ಇದೇ ಲೆಕ್ಕದಲ್ಲಿ. ನೀರಿಗೆ ಆಗದವು ಎಣ್ಣೆಗೆ ಆಗುತ್ತವೆ.

ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿಗೆ ಬರೀ ಉಪ್ಪು ಹಾಕಿಟ್ಟರೆ ಅಷ್ಟು ನೀರು ಎಲ್ಲಿಂದ ಬರುತ್ತದೆ?

ಸಾಗರದಿಂದ ಬರುವ ಹುಡುಗಿಯೊಬ್ಬಳು ಇದನ್ನು ಕೇಳಿದಳು. ಅವಳ ಅಜ್ಜಿ ಜಾಡಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕಿ ಬಟ್ಟೆ ಕಟ್ಟಿಡುತ್ತಾರಂತೆ. ಒಂದು ತೊಟ್ಟು ನೀರು ಹಾಕುವುದಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮಿಡಿ ಮುಳುಗುವಷ್ಟು ನೀರು, ಮಿಡಿಯೆಲ್ಲ ಸುಕ್ಕು.

ನೀರು ಬಂದದ್ದು ಮಿಡಿಯ ಕೋಶಗಳ ಒಳಗಿಂದ. ಪೊರೆಯ ದಣಪೆಗಳಲ್ಲಿ ನೀರು ಸಲೀಸಾಗಿ ಓಡಾಡುತ್ತದೆ, ಉಪ್ಪಿಗೆ ಅಷ್ಟು ಸಲೀಸಲ್ಲ. ಹೊರಗೆ ಉಪ್ಪು ಜಾಸ್ತಿ, ಒಳಗೆ ಕಡಿಮೆ ಇದ್ದಾಗ ನೀರು ಉಪ್ಪಿರುವ ಕಡೆಗೆ ಹರಿಯುತ್ತದೆ. ಪಠ್ಯದಲ್ಲಿ ಇದಕ್ಕೆ ಅಭಿಸರಣೆ ಅನ್ನುತ್ತಾರೆ. ನೀರು ಕಳೆದುಕೊಂಡ ಕೋಶದ ಪೊರೆ ಗೋಡೆಯನ್ನು ಬಿಟ್ಟು ಒಳಗೆ ಮುದುಡಿಕೊಳ್ಳುತ್ತದೆ. ಮೇಲೆ ಈರುಳ್ಳಿ ಹೇಳಿದೆನಲ್ಲ, ಕೆಂಪು ಈರುಳ್ಳಿಯ ಹೊರಮೈ ಸಿಪ್ಪೆ ತೆಗೆದುಕೊಂಡು ಅದರ ಮೇಲೆ ಉಪ್ಪುನೀರು ಬಿಟ್ಟು ನೋಡಿ. ನೇರಳೆ ಬಣ್ಣದ ಚೀಲ ಕಣ್ಣೆದುರಿಗೇ ಕುಗ್ಗಿ ನಡುವೆ ಮುದ್ದೆಯಾಗುತ್ತದೆ.

ಹಾಗಾದರೆ ಮಿಡಿ ಒಳಗೂ ಉಪ್ಪಾಗುವುದು ಹೇಗೆ? ಕೋಶ ಸತ್ತ ಮೇಲೆ. ಸತ್ತ ಕೋಶದ ಬೇಲಿ ಮುರಿದಿರುತ್ತದೆ, ಆಗ ಉಪ್ಪು ಹೇಳದೆ ಕೇಳದೆ ಒಳಗೆ ನುಗ್ಗುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳದ್ದೂ ಅದೇ ಪಾಡು. ಉಪ್ಪಿನಲ್ಲಿ ಅವುಗಳ ನೀರೂ ಹೊರಗೆ ಎಳೆದುಹೋಗುತ್ತದೆ, ಬೆಳೆಯಲಾರವು. ಒದ್ದೆ ಸೌಟು ಹಾಕಬೇಡಿ ಅಂತ ಅಜ್ಜಿ ಗದರುವುದು ಸುಮ್ನೆ ಅಲ್ಲ. ಸೌಟಿನ ನೀರು ಬಿದ್ದಲ್ಲಿ ಉಪ್ಪು ತೆಳುವಾಗುತ್ತದೆ, ಬೂಷ್ಟಿಗೆ ಅಷ್ಟು ಜಾಗ ಸಾಕು.

ಉಂಬಳಕ್ಕೆ (ಜಿಗಣೆಗೆ) ಉಪ್ಪು ಹಾಕಿದರೆ ಉದುರುವುದೂ ಇದಕ್ಕೇನಾ?

ಹೌದು. ಅದರ ಚರ್ಮ ಸದಾ ಒದ್ದೆ, ಮೇಲೆ ಒಣ ಹೊದಿಕೆ ಇಲ್ಲ. ಉಪ್ಪು ತಾಗಿದ ತಕ್ಷಣ ನೀರು ಹೊರಗೆ ಬರುತ್ತದೆ, ಉರಿಯಿಂದ ಹಿಡಿತ ಬಿಡುತ್ತದೆ. ಉಂಬಳ ಬಿಟ್ಟ ಮೇಲೂ ರಕ್ತ ಸೋರುತ್ತಿರುತ್ತದಲ್ಲ, ಅದು ಬೇರೆ ಕಥೆ. ಕಚ್ಚುವಾಗ ಅದು ಬಿಡುವ ಪ್ರೋಟೀನು ರಕ್ತ ಹೆಪ್ಪುಗಟ್ಟುವ ಕಿಣ್ವವನ್ನು ಹಿಡಿದು ಕೂರಿಸಿರುತ್ತದೆ.

ಸುಸ್ತಾದರೆ 'ಗ್ಲೂಕೋಸ್ ಹಾಕಿಸಿ' ಅಂತೀವಿ. ಬರೀ ಶುದ್ಧ ನೀರು ಹಾಕಿದರೆ ಆಗಲ್ವಾ?

ಪ್ರಾಣಕ್ಕೇ ಅಪಾಯ. ನರಕ್ಕೆ ಬರೀ ನೀರು ಹೋದರೆ, ಮಿಡಿಯಲ್ಲಿ ಆದದ್ದು ಇಲ್ಲಿ ಉಲ್ಟಾ ಆಗುತ್ತದೆ. ರಕ್ತಕಣದ ಒಳಗೆ ಉಪ್ಪು ಜಾಸ್ತಿ, ಹೊರಗೆ ಕಡಿಮೆ. ನೀರು ಒಳಗೆ ನುಗ್ಗಿ ಕಣ ಉಬ್ಬಿ ಒಡೆಯುತ್ತದೆ. ಗಿಡದ ಕೋಶವಾಗಿದ್ದರೆ ಹೊರಗಿನ ಗೋಡೆ ತಡೆಯುತ್ತಿತ್ತು, ನಮ್ಮ ಕೋಶಕ್ಕೆ ಗೋಡೆ ಇಲ್ಲ, ಪೊರೆ ಮಾತ್ರ. ಅದಕ್ಕೇ ಬಾಟಲಿಯಲ್ಲಿ 0.9% ಉಪ್ಪು ಅಥವಾ 5% ಗ್ಲೂಕೋಸ್ ಇರುತ್ತದೆ. ರಕ್ತಕಣ ಉಬ್ಬಲೂ ಬಾರದು, ಸುಕ್ಕಲೂ ಬಾರದು ಅನ್ನುವ ಲೆಕ್ಕ ಅದು.

ಪ್ರೋಟೀನು ಅಂದರೆ ಬೇಳೆ, ಮೊಟ್ಟೆ ಅಷ್ಟೇ ಅಲ್ವಾ?

ಅದು ತಟ್ಟೆಯಲ್ಲಿರುವ ಪ್ರೋಟೀನು. ಕೋಶದ ಒಳಗೆ ಕೆಲಸಗಾರರೆಲ್ಲ ಪ್ರೋಟೀನೇ. ದಣಪೆಯೂ ಅದೇ, ಅದನ್ನು ತೆಗೆದು ಹಾಕುವ ಆಳೂ ಅದೇ. 20 ಬಗೆಯ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಸಾಲಿನಲ್ಲಿ ಪೋಣಿಸಿದರೆ ಲಕ್ಷಾಂತರ ಬಗೆಯ ಪ್ರೋಟೀನು ಆಗುತ್ತವೆ. ಪೋಣಿಸಿದ ದಾರ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆಕಾರ ಕೆಟ್ಟರೆ ಕೆಲಸ ಕೆಟ್ಟಿತು. ಮೊಟ್ಟೆ ಬೇಯಿಸಿದಾಗ ಬಿಳಿ ಗಟ್ಟಿಯಾಗುವುದು, ಹೆಪ್ಪು ಹಾಕಿದ ಹಾಲು ಹುಳಿಯಾಗಿ ಮೊಸರಾಗುವುದು, ಎರಡರಲ್ಲೂ ಪ್ರೋಟೀನು ಹಳೆಯ ನೆಲೆ ತಪ್ಪಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಬಾವಿ ಹಗ್ಗದ ಹಾಗೆ ಮೂರು ಎಳೆಯಲ್ಲಿ ಹೊಸೆದಿದೆ ಅಂತ ತೋರಿಸಿಕೊಟ್ಟದ್ದು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, 1954ರಲ್ಲಿ, ಮದ್ರಾಸಿನಲ್ಲಿ. ಪುಸ್ತಕಗಳಲ್ಲಿ ಡಿಎನ್ಎ ರಚನೆ ಬಿಡಿಸಿದ ವಾಟ್ಸನ್-ಕ್ರಿಕ್‌ಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ಇವರಿಗೆ ಒಂದು ಸಾಲೂ ಕಷ್ಟ.

ಮೈಟೋಕಾಂಡ್ರಿಯಾ ಕೋಶದ ಪವರ್‌ಹೌಸ್. ಅಷ್ಟು ಬರೆದರೆ ಮಾರ್ಕ್ಸ್ ಸಿಗುತ್ತದಾ?

ಸಿಗುತ್ತದೆ. ಆದರೆ ಶರಾವತಿ ಹರಿಯುವ ನಮ್ಮ ಶಿವಮೊಗ್ಗ ಜಿಲ್ಲೆಯ ಮಕ್ಕಳು ಅಷ್ಟಕ್ಕೇ ಬಿಟ್ಟರೆ ನನಗೆ ಬೇಸರವಾಗುತ್ತದೆ. ಯಾಕೆಂದರೆ ಈ ಹೋಲಿಕೆ ಬರೀ ಮಾತಲ್ಲ, ಒಳಗೆ ನಿಜವಾಗಿಯೂ ಟರ್ಬೈನ್ ಇದೆ.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯನ್ನು ನೆನೆಸಿಕೊಳ್ಳಿ. 1819 ಅಡಿ ತುಂಬಿತಾ ಅಂತ ಆಗಸ್ಟ್‌ನಲ್ಲಿ ದಿನವೂ ಪೇಪರ್ ನೋಡುತ್ತೇವೆ. ಅಣೆಕಟ್ಟೆಯ ಒಂದು ಕಡೆ ನೀರು ಎತ್ತರಕ್ಕೆ ನಿಂತಿದೆ. ಅದು ಕೆಳಗೆ ಬರಲು ಒಂದೇ ದಾರಿ, ಟರ್ಬೈನಿನ ಮೂಲಕ. ಬರುವಾಗ ಅದನ್ನು ತಿರುಗಿಸಿ ಬರುತ್ತದೆ.

ಮೈಟೋಕಾಂಡ್ರಿಯಾಕ್ಕೆ ಎರಡು ಪೊರೆ. ಒಳಗಿನದೇ ಅಣೆಕಟ್ಟೆ. ನಾವು ತಿಂದ ಅನ್ನದಿಂದ ಸಿಕ್ಕಿದ ಶಕ್ತಿಯಿಂದ ಕೋಶ ಪ್ರೋಟಾನ್‌ಗಳನ್ನು, ಅಂದರೆ ಹೈಡ್ರೋಜನ್‌ನ ಧನ ಅಯಾನುಗಳನ್ನು, ಆ ಪೊರೆಯ ಆಚೆಗೆ ತಳ್ಳುತ್ತದೆ. ಅಲ್ಲಿ ಅವು ಒತ್ತಾಗಿ ನಿಲ್ಲುತ್ತವೆ, ವಾಪಸ್ ಬರಲು ತವಕಿಸುತ್ತವೆ. ದಾರಿ ಒಂದೇ: ಎಟಿಪಿ ಸಿಂಥೇಸ್ ಅನ್ನುವ ಪ್ರೋಟೀನು. ಪ್ರೋಟಾನ್ ನುಗ್ಗಿದಾಗ ಅದರ ಒಂದು ಭಾಗ ಗರಗರ ತಿರುಗುತ್ತದೆ, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು. ತಿರುಗಿದ ಬಲಕ್ಕೆ ಎಟಿಪಿ ತಯಾರಾಗುತ್ತದೆ. ಕೋಶದ ಎಲ್ಲ ಕೆಲಸಕ್ಕೂ ನಡೆಯುವ ನಾಣ್ಯ ಅದು. ದಿನಕ್ಕೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು ಎಟಿಪಿ ಹೀಗೆ ಆಗುತ್ತದೆ, ಖರ್ಚಾಗುತ್ತದೆ, ಮತ್ತೆ ಆಗುತ್ತದೆ.

ಒಂದು ಕಡೆ ಹೋಲಿಕೆ ಕೂಡುವುದಿಲ್ಲ. ಲಿಂಗನಮಕ್ಕಿಗೆ ನೀರು ಏರಿಸುವುದು ಮಳೆ. ಇಲ್ಲಿ ಕೋಶವೇ ಏರಿಸಬೇಕು. ಹಾಗಾಗಿ ಇದು ನೀರನ್ನು ಪಂಪಿನಿಂದ ಮೇಲಕ್ಕೆತ್ತಿ ಮತ್ತೆ ಟರ್ಬೈನಿಗೆ ಬಿಡುವ ಪಂಪ್ಡ್ ಸ್ಟೋರೇಜ್ ಯೋಜನೆಗೆ ಇನ್ನೂ ಹತ್ತಿರ. (ಶರಾವತಿಗೆ ಆ ಯೋಜನೆ ಬೇಕೋ ಬೇಡವೋ ಅನ್ನುವ ಜಗಳ ಜಗಲಿಯಲ್ಲಿ ನಡೆಯಲಿ, ಇಲ್ಲಿ ಬೇಡ.) ಪೊರೆಯ ಆಚೆ ಪ್ರೋಟಾನ್ ತುಂಬಿಡುವ ಈ ಉಪಾಯವನ್ನು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು.

ಡಿಎನ್ಎ ಕಣ್ಣಿಗೆ ಕಾಣುತ್ತದೆ ಅಂದಿರಿ, ಹೇಗೆ?

ಒಂದು ಎಳೆ ಕಾಣುವುದಿಲ್ಲ, ರಾಶಿ ಕಾಣುತ್ತದೆ. ನಮ್ಮ ಒಂದು ಕೋಶದ 46 ವರ್ಣತಂತುಗಳನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಆಗುತ್ತದೆ. ಅಷ್ಟೂ ಒಂದು ಕಣ್ಣಿಗೆ ಕಾಣದ ಚುಕ್ಕೆಯಲ್ಲಿ ಸುತ್ತಿಟ್ಟಿದೆ.

ಮಾಗಿದ ಬಾಳೆಹಣ್ಣನ್ನು ಕಿವುಚಿ, ಸ್ವಲ್ಪ ನೀರು, ಚಿಟಿಕೆ ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಸೇರಿಸಿ. ನೊರೆ ಬರದ ಹಾಗೆ ಕಲಕಿ, ಬಟ್ಟೆಯಲ್ಲಿ ಸೋಸಿ. ಫ್ರೀಜರ್‌ನಲ್ಲಿಟ್ಟು ತಣ್ಣಗಾದ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ನಿಧಾನ ಇಳಿಸಿ. ಒಲೆಯ ಹತ್ತಿರ ಮಾತ್ರ ಬೇಡ, ಸ್ಪಿರಿಟ್ಟಿಗೆ ಬೆಂಕಿ ಹತ್ತುತ್ತದೆ. ಎರಡು ದ್ರವ ಸೇರುವಲ್ಲಿ ಬಿಳಿ ನೂಲಿನ ಮುದ್ದೆ ಏಳುತ್ತದೆ. ಸೋಪು ಪೊರೆಯ ಕೊಬ್ಬನ್ನು ಒಡೆಯಿತು, ಸ್ಪಿರಿಟ್ಟಿನಲ್ಲಿ ಕರಗದ ಡಿಎನ್ಎ ಹೊರಗೆ ಬಂತು. ಪೂರ್ತಿ ಶುದ್ಧ ಅಲ್ಲ, ಬೇರೆ ಅಣುಗಳೂ ಅಂಟಿರುತ್ತವೆ.

ಡಿಎನ್ಎಯಲ್ಲಿ ಬರೆದದ್ದನ್ನು ಆರ್‌ಎನ್ಎ ನಕಲು ಮಾಡಿಕೊಂಡು ಹೋಗುತ್ತದೆ. ಅದನ್ನು ಓದಿ ಪ್ರೋಟೀನು ಪೋಣಿಸುವುದು ರೈಬೋಸೋಮ್. ಅದರ ರಚನೆ ಬಿಡಿಸಿದ್ದಕ್ಕೆ 2009ರಲ್ಲಿ ವೆಂಕಿ ರಾಮಕೃಷ್ಣನ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಸಿಕ್ಕಿತು.

ಕೆಸುವಿನ ಸೊಪ್ಪು ಗಂಟಲು ತುರಿಸುವುದು ಯಾವ ಅಣುವಿನಿಂದ?

ಕ್ಯಾಲ್ಸಿಯಂ ಆಕ್ಸಲೇಟ್. ಕೆಸುವಿನ ಕೆಲವು ಕೋಶಗಳಲ್ಲಿ ಇದು ಸೂಜಿ ಕಟ್ಟುಗಳಾಗಿ ಕೂತಿರುತ್ತದೆ. ಅಗಿದಾಗ ಸೂಜಿಗಳು ಚಿಮ್ಮಿ ನಾಲಿಗೆಗೆ ಚುಚ್ಚುತ್ತವೆ. ಕರಕಲಿಗೂ ಪತ್ರೊಡೆಗೂ ಧಾರಾಳ ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಇದಕ್ಕೆ. ಹುಳಿಯಲ್ಲಿ ಜಿಪುಣತನ ಮಾಡಿದವರಿಗೆ ಗೊತ್ತಾಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ಹೊಡೆಯುತ್ತೇವೆ. ಅದು ಕೋಶಕ್ಕೆ ಏನು ಮಾಡುತ್ತದೆ?

ಕೊಳೆ ತರುವುದು ಫೈಟಾಫ್ತೊರಾ. ಶಿಲೀಂಧ್ರ ಅಂತ ಕರೆಯುತ್ತೇವೆ, ಆದರೆ ನಿಜವಾದ ಶಿಲೀಂಧ್ರ ಅಲ್ಲ. ಅಣಬೆ, ಬೂಷ್ಟಿನ ಕೋಶದ ಗೋಡೆಯಲ್ಲಿ ಕೈಟಿನ್ ಇದ್ದರೆ ಇದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ. ಅದರ ಬೀಜಕಣಕ್ಕೆ ಎರಡು ಬಾಲ. ಮಳೆನೀರಿನ ತೆಳು ಪದರದಲ್ಲಿ ಈಜಿಕೊಂಡು ಕಾಯಿಂದ ಕಾಯಿಗೆ ಹೋಗುತ್ತದೆ. ಎಡೆಬಿಡದೆ ಮಳೆ ಹಿಡಿದ ವರ್ಷ ಕೊಳೆ ಜೋರು ಆಗುವುದು, ಹಿಂದಿನವರು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದುದು, ಎರಡಕ್ಕೂ ಕಾರಣ ಆ ಈಜು.

ಈಜುವ ಹೊತ್ತಿನಲ್ಲಿ ಆ ಕಣಕ್ಕೆ ಗೋಡೆಯೇ ಇರುವುದಿಲ್ಲ, ಬರೀ ಪೊರೆ. ಅದೇ ನಮಗೆ ಅವಕಾಶ. ಮೈಲುತುತ್ತದ ತಾಮ್ರ ಒಳಗೆ ಹೋಗಿ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಆಕಾರ ಕೆಡಿಸುತ್ತದೆ. ಒಮ್ಮೆ ಅದು ಕಾಯಿಯ ಒಳಗೆ ಬೇರು ಬಿಟ್ಟರೆ ಮೇಲಿನ ತಾಮ್ರದಿಂದ ಉಪಯೋಗ ಕಡಿಮೆ. ಮಳೆಗೆ ಮೊದಲೇ ಹೊಡೆಯಬೇಕು, 40-45 ದಿನಕ್ಕೆ ಮತ್ತೆ ಹೊಡೆಯಬೇಕು ಅನ್ನುವುದು ಅದಕ್ಕೆ. ಮರ ಹತ್ತುವ ಕೊನೆಗೌಡ ಸಿಗದೆ ಹದಿನೈದು ದಿನ ತಡವಾದರೆ ಎಷ್ಟು ನಷ್ಟ ಅಂತ ತೋಟದವರಿಗೆ ನಾನು ಹೇಳಬೇಕಿಲ್ಲ.

ಸುಣ್ಣ ಯಾಕೆ? ಬರೀ ಮೈಲುತುತ್ತ ಹೊಡೆದರೆ ಅಡಿಕೆಯ ಕೋಶಗಳೂ ಸುಡುತ್ತವೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಸುಣ್ಣ ಸೇರಿದಾಗ ತಾಮ್ರ ಕರಗದ ರೂಪಕ್ಕೆ ಬಂದು ಕಾಯಿಗೆ ಅಂಟಿಕೊಂಡು, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಹದ ನೋಡಲು ಕತ್ತಿಯ ತುದಿ ಅದ್ದಿ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಇದಕ್ಕಿಂತ ಒಳ್ಳೆಯ ಲ್ಯಾಬ್ ಪ್ರಯೋಗ ನನಗೆ ಗೊತ್ತಿಲ್ಲ.

ಮಂಗನ ಕಾಯಿಲೆಯ ವೈರಸ್ಸೂ ಒಂದು ಜೀವಕೋಶವಾ?

ಅಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ವೈರಸ್ ಇದು, ಇಂಗ್ಲಿಷಿನಲ್ಲಿ ಹೆಸರೂ ಆ ಕಾಡಿನದೇ, ಕ್ಯಾಸನೂರ್ ಫಾರೆಸ್ಟ್ ಡಿಸೀಸ್. ಹರಡುವುದು ಉಣುಗಿನಿಂದ. ಅದರೊಳಗೆ ಒಂದು ಎಳೆ ಆರ್‌ಎನ್ಎ, ಸುತ್ತ ಪ್ರೋಟೀನು, ಅದರ ಮೇಲೆ ಕೊಬ್ಬಿನ ಒಂದು ಪೊರೆ. ಆ ಪೊರೆಯೂ ಸ್ವಂತದ್ದಲ್ಲ, ತಾನು ಹೊಕ್ಕ ಕೋಶದಿಂದ ಹರಿದುಕೊಂಡು ಬಂದದ್ದು. ರೈಬೋಸೋಮ್ ಇಲ್ಲ, ಎಟಿಪಿ ಮಾಡುವ ಟರ್ಬೈನ್ ಇಲ್ಲ. ಕೋಶದ ಹೊರಗೆ ಅದು ತಿನ್ನುವುದಿಲ್ಲ, ಬೆಳೆಯುವುದಿಲ್ಲ. ದಣಪೆಯ ಕಳ್ಳ ಕೀಲಿಕೈ ಇಟ್ಟುಕೊಂಡ ಪೊಟ್ಟಣ ಅಂದುಕೊಳ್ಳಿ. ಒಳಗೆ ಹೋದ ಮೇಲೆ ನಮ್ಮದೇ ಯಂತ್ರಗಳಿಂದ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯಾಟಿಕ್ ಇದಕ್ಕೆ ಹತ್ತದಿರುವುದೂ ಅದಕ್ಕೇ. ಆ ಮಾತ್ರೆಗಳು ಹುಡುಕುವುದು ಬ್ಯಾಕ್ಟೀರಿಯಾದ ಗೋಡೆಯನ್ನು, ಬ್ಯಾಕ್ಟೀರಿಯಾದ ರೈಬೋಸೋಮನ್ನು. ಇಲ್ಲಿ ಅವೆರಡೂ ಇಲ್ಲ.

ಪರೀಕ್ಷೆಗೆ ಯಾವ ಚಿತ್ರ ಕಲಿಯಬೇಕು?

ಗಿಡದ ಕೋಶ, ಪ್ರಾಣಿಯ ಕೋಶ, ಎರಡೂ. ಗಿಡದ್ದಕ್ಕೆ ಗೋಡೆ, ದೊಡ್ಡ ರಸದಾನಿ, ಹಸಿರು ಕ್ಲೋರೋಪ್ಲಾಸ್ಟ್ ಮರೆಯಬೇಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಹೆಸರಿನ ಗೆರೆಗಳು ಒಂದನ್ನೊಂದು ದಾಟದಿರಲಿ. ಗಾಳಿಗುಳ್ಳೆ ಬರೆಯಬೇಡಿ.